ಮಾಯಿಗ ಗಾಡಿ ತಿರುಗಿಸಿದ್ದು

ಸಾಕವ್ವನಿಗೆ ಹೊಲ ಇತ್ತು, ಎತ್ತು ಇದ್ದವು, ಮದುವೆ ವಯಸ್ಸಿನ ಒಬ್ಬ ಮಗನೂ ಇದ್ದ. ಮಗನ ಹೆಸರು ಮಾಯಿಗ. ಆಳು ಆನೆ ಹಾಗೆ, ಅವ್ವ ಹೇಳಿದ ಮಾತು ಒಂದನ್ನೂ ಮೀರೋನಲ್ಲ. ಅದೇ ಬಂದಿದ್ದು ತೊಂದರೆ. ಮಕ್ಕಳು ಮಾತು ಕೇಳಲ್ಲ ಅಂತ ಬೇರೆ ತಾಯಂದಿರು ಅಳುತ್ತಿದ್ದರು. ನನ್ನ ಮಗ ಕೇಳ್ತಾನಲ್ಲಪ್ಪ ಅಂತ ಸಾಕವ್ವ ಅಳುತ್ತಿದ್ದಳು.

ಜೋಳ ತೆನೆಗಟ್ಟಿತ್ತು. ಗಿಳಿಗಳು ಹಿಂಡು ಹಿಂಡಾಗಿ ಬೀಳುತ್ತಿದ್ದವು. ಸಾಕವ್ವ ಮಗನ ಕೈಗೆ ಕವಣೆ ಕೊಟ್ಟಳು.

"ಕಲ್ಲಿಟ್ಟು ತಲೆ ಮೇಲೆ ಗಿರ್ರನೆ ತಿರುಗಿಸು. ಗಿಳಿ ಕಡೆಗೆ ಬಂದಾಗ ಬಿಡು."

"ಆಗಲವ್ವ."

ಮಾಯಿಗ ಗಿರ್ರನೆ ತಿರುಗಿಸಿದ. ಕಲ್ಲು ಸುತ್ತಿಕೊಂಡು ಗಿಳಿ ಕಡೆಗೆ ಬಂದ ಗಳಿಗೆಗೆ ಸರಿಯಾಗಿ ಬಿಟ್ಟ. ಆ ಗಳಿಗೇಲಿ ಬಿಟ್ಟ ಕಲ್ಲು ಗಿಳಿ ಕಡೆ ಹೋಗುತ್ತಾ? ತಾನು ಓಡುತ್ತಿದ್ದ ಮುಖಕ್ಕೇ, ಪಕ್ಕಕ್ಕೆ, ನೆಟ್ಟಗೆ ಹೋಯಿತು. ಪಕ್ಕದ ಹೊಲದಲ್ಲಿ ಪಟೇಲರು ಅಂಬಲಿ ಕುಡಿಯೋಕೆ ಕೂತಿದ್ದರು. ಗಡಿಗೆ ಒಡೆಯಿತು, ಅಂಬಲಿ ಪಟೇಲರ ಮೀಸೆಯಿಂದ ತೊಟ್ಟಿಕ್ಕಿತು. ಗಿಳಿಗಳು ತಲೆ ಎತ್ತಿ ಒಂದು ಸಲ ನೋಡಿ ಮತ್ತೆ ತಿನ್ನತೊಡಗಿದವು.

"ನಿನಗೆ ಬಿಡು ಅಂದಿದ್ದೇ ನನ್ನ ತಪ್ಪು ಕಣ್ಲಾ," ಅಂದಳು ಸಾಕವ್ವ. "ಇನ್ಮೇಲೆ ತಿರುಗೋದು ಏನೇ ಕೈಗೆ ಸಿಕ್ಕರೂ ಗಟ್ಟಿಯಾಗಿ ಹಿಡ್ಕೊ. ಬಿಡಲೇಬ್ಯಾಡ."

"ಆಗಲವ್ವ."

ಪಟೇಲರಿಗೆ ಹೊಸ ಗಡಿಗೆ ಕೊಡಬೇಕಲ್ಲ, ಮಗನನ್ನು ಕುಂಬಾರ ಸಿದ್ದಶೆಟ್ಟಿ ಮನೆಗೆ ಕಳಿಸಿದಳು. ಸಿದ್ದಶೆಟ್ಟಿ ತಿಗರಿ ಮೇಲೆ ಮಣ್ಣಿಟ್ಟು ಕೂತಿದ್ದ.

"ಬಂದೆಯಾ ಮಾಯಿಗ, ಈ ಚಕ್ರಕ್ಕೆ ಒಂದು ಕೈ ಹಾಕಿ ತಿರುಗಿಸಪ್ಪ," ಅಂದ.

ಮಾಯಿಗ ಅಂಚು ಹಿಡಿದು ತಿರುಗಿಸಿದ. ಹಿಡಿದವನು ಬಿಡಲಿಲ್ಲ. ತಿಗರಿ ಜೊತೆ ತಾನೂ ಓಡಿದ. ಅವನು ಓಡಿದಷ್ಟೂ ತಿಗರಿ ಜೋರಾಯಿತು, ತಿಗರಿ ಜೋರಾದಷ್ಟೂ ಅವನು ಓಡಿದ. ಗಡಿಗೆ ಆಗಬೇಕಾದ ಮಣ್ಣು ತಟ್ಟೆ ಹಾಗೆ ಅಗಲವಾಗಿ, ಮುದ್ದೆ ಮುದ್ದೆಯಾಗಿ ಕಿತ್ತು ಸಿದ್ದಶೆಟ್ಟಿ ಮುಖಕ್ಕೆ ಬಡಿಯಿತು.

"ಬಿಡೋ, ಬಿಡೋ," ಅಂತ ಅವನು ಕೂಗಿಕೊಂಡ.

"ಅವ್ವ ಬ್ಯಾಡ ಅಂದವ್ಳೆ," ಅಂದ ಮಾಯಿಗ.

ಕೊನೆಗೆ ಅವನು ಬಿಡಲಿಲ್ಲ, ತಿಗರಿಯೇ ಅವನನ್ನು ಬಿಟ್ಟಿತು. ಅಂಚು ಮುರಿಯಿತು, ಮಾಯಿಗ ಮುರಿದ ತುಂಡನ್ನು ಹಿಡಿದುಕೊಂಡೇ ನೆಟ್ಟಗೆ ಹಾರಿ, ಒಣಗಿಸಿಟ್ಟಿದ್ದ ಗಡಿಗೆ ಸಾಲಿನ ಮೇಲೆ ಬಿದ್ದ. ಅದೇ ತುಂಡು ತಂದು ಅವ್ವನಿಗೆ ತೋರಿಸಿದ.

"ಬಿಡಲಿಲ್ಲ ನೋಡವ್ವ."

ಹಿಂದೆಯೇ ಸಿದ್ದಶೆಟ್ಟಿ ಬಂದ. ಕಣ್ಣು ಬಿಟ್ಟು ಉಳಿದದ್ದೆಲ್ಲ ಮಣ್ಣು. "ಸಾಕವ್ವ, ತಿರುಗೋದರ ಅಂಚಲ್ಲಿದ್ದದ್ದು ಸಿಡಿದು ಹೋಗುತ್ತೆ. ನಡುವೆ ಇದ್ದದ್ದು ಇದ್ದಲ್ಲೇ ಇರುತ್ತೆ. ಇಷ್ಟು ನಿನ್ನ ಮಗನಿಗೆ ಹೇಳಿಕೊಡು."

"ಕೇಳಿದೆಯೇನ್ಲಾ? ಇನ್ಮೇಲೆ ನಡುವೆ ಇರು. ಅಲ್ಲಾಡಬ್ಯಾಡ."

"ಆಗಲವ್ವ."

ರಾಗಿ ಕೊಯ್ಲಾಗಿ ಕಣಕ್ಕೆ ಬಂತು. ತೆನೆ ಹರಡಿ, ಎತ್ತಿನ ಹಗ್ಗವನ್ನು ಮಗನ ಕೈಗೆ ಕೊಟ್ಟು, "ಸುತ್ತ ತುಳಿಸುತ್ತಿರು, ಬುತ್ತಿ ತರ್ತೀನಿ," ಅಂತ ಸಾಕವ್ವ ಮನೆಗೆ ಹೋದಳು. ಮಾಯಿಗ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು, ಕಣದ ನಡುವೆ ಕಂಬದ ಹಾಗೆ ನಿಂತು, ಹೋ ಅಂದ. ಎತ್ತು ನಡೆದವು. ಎತ್ತಿನ ಜೊತೆ ಇವನೂ ತಿರುಗಬೇಕಲ್ಲ, ತಿರುಗಲಿಲ್ಲ. ಸುತ್ತು ಸುತ್ತಿಗೂ ಹಗ್ಗ ಮೈಗೆ ಸುತ್ತಿಕೊಂಡಿತು, ಸುತ್ತು ಸುತ್ತಿಗೂ ಎತ್ತು ಹತ್ತಿರ ಬಂದವು. ಸಾಕವ್ವ ಬುತ್ತಿ ತಂದಾಗ ಮಗ ಕುತ್ತಿಗೆವರೆಗೂ ಹಗ್ಗದೊಳಗೆ ಇದ್ದ, ಒಂದು ಎತ್ತು ಅವನ ಕಿವಿ ನೆಕ್ಕುತ್ತಿತ್ತು. ತೆನೆ ಮುಕ್ಕಾಲು ಹಾಗೇ ಇತ್ತು.

"ನಾನು ಅಲ್ಲಾಡಲಿಲ್ಲ ಕಣವ್ವ."

ಎತ್ತನ್ನು ಹಿಂದಕ್ಕೆ ನಡೆಸಿ ಹಗ್ಗ ಬಿಚ್ಚುತ್ತಾ ಸಾಕವ್ವ ಬೈದಳು. "ನೋಡ್ಕೊ. ಎಷ್ಟು ಸುತ್ತು ಸುತ್ತಿರ್ತೀಯೋ ಅಷ್ಟೂ ಹಿಂದಕ್ಕೆ ಬಿಚ್ಚಬೇಕು. ಯಾವುದನ್ನೂ ಅರ್ಧಕ್ಕೆ ಬಿಡಬ್ಯಾಡ."

"ಆಗಲವ್ವ."

ಬಿಚ್ಚಿ ಬಿಚ್ಚಿ ಸಾಕವ್ವನ ರಟ್ಟೆ ಬಿದ್ದುಹೋಯಿತು. ನಾಳೆ ನಾನು ಕಣ್ಣು ಮುಚ್ಚಿದರೆ ಇವನನ್ನು ಬಿಚ್ಚೋರು ಯಾರು ಅನ್ನೋ ಯೋಚನೆ ಹತ್ತಿತು. ಹೆಣ್ಣು ಹುಡುಕಿದಳು. ಪಕ್ಕದೂರಿನ ಮೊಗಣ್ಣಗೌಡ ತನ್ನ ಮಗಳು ದೇವೀರಿಯನ್ನು ಕೊಡೋಕೆ ಒಪ್ಪಿದ.

"ಹುಡುಗ ಪೆದ್ದನಂತೆ ಅಪ್ಪಯ್ಯ," ಅಂದಳು ದೇವೀರಿ.

"ಹೊಲ ನೋಡಿದೆಯಾ? ನೀರಾವರಿ. ಬುದ್ಧಿ ಹಾಕಿ ಹೊಲ ಉಳ್ತಾರೇನೇ?" ಅಂದ ಮೊಗಣ್ಣಗೌಡ. ಅಳಿಯ ದಡ್ಡನಾದರೆ ಹೊಲದ ಯಜಮಾನಿಕೆ ತನ್ನದೇ ಅನ್ನೋದು ಅವನ ಲೆಕ್ಕ.

ಮದುವೆ ದಿನ ಬಂತು. ತಾಳಿಗೆ ಮೊದಲು ಹೆಣ್ಣು ಗಂಡಿನ ಸೆರಗು ಗಂಟು ಹಾಕಿ, ಚಪ್ಪರದ ಹಾಲುಗಂಬವನ್ನು ಮೂರು ಸುತ್ತು ಬರಬೇಕು, ಮೂರು ಸುತ್ತಿಗೆ ಕಂಕಣ ಕೂಡಿಬರುತ್ತೆ ಅಂದರು ಅಯ್ನೋರು. ಮಾಯಿಗ ಮೂರು ಸುತ್ತು ಬಂದ. ಸಾಕವ್ವ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಮಾಯಿಗ ಹಿಮ್ಮುಖವಾಗಿ ಹೆಜ್ಜೆ ಇಟ್ಟ. ಒಂದು, ಎರಡು, ಮೂರು, ಅಷ್ಟೂ ಹಿಂದಕ್ಕೆ ಬಿಚ್ಚಿದ. ಚಪ್ಪರದಲ್ಲಿ ಓಲಗವೂ ನಿಂತಿತು.

ದೇವೀರಿ ಮೆಲ್ಲಗೆ ಕೇಳಿದಳು. "ಅಯ್ನೋರೇ, ಮೂರು ಸುತ್ತಿಗೆ ಕಂಕಣ ಕೂಡಿಬರುತ್ತೆ ಅಂದ್ರಿ. ಮೂರೂ ಬಿಚ್ಚಿದ ಮೇಲೆ?"

ಅಯ್ನೋರು ಮೇಲೆ ನೋಡಿದರು, ಕೆಳಗೆ ನೋಡಿದರು, ದಕ್ಷಿಣೆ ತಟ್ಟೆ ನೋಡಿದರು. ದೇವೀರಿ ಸೆರಗಿನ ಗಂಟು ಬಿಚ್ಚಿ, ನೆಟ್ಟಗೆ ಹೋಗಿ ತಮ್ಮೂರ ಗಾಡಿ ಹತ್ತಿ ಹಗ್ಗ ಹಿಡಿದಳು. "ಹೊಲ, ನೀರಾವರಿ ಹೊಲ ಕಣೇ," ಅಂತ ಮೊಗಣ್ಣಗೌಡನೂ ಹಿಂದೆ ಓಡಿ ಗಾಡಿ ಅಂಚಿಗೆ ಹತ್ತಿಕೊಂಡ.

ಸಾಕವ್ವ ಕೂಗಿಕೊಂಡಳು. "ಓಡೋ ಮಾಯಿಗ, ಓಡು, ಅವರ ಗಾಡಿ ತಿರುಗಿಸೋ."

"ಆಗಲವ್ವ."

ಓಡಿದ. ಎತ್ತಿನ ಮೂಗುದಾರಕ್ಕೆ ಕೈ ಹಾಕಿ ಗಾಡಿ ತಿರುಗಿಸಿದ. ಆನೆಯಂಥ ಆಳು, ಗಾಡಿ ಬುಗುರಿ ಹಾಗೆ ಗಿರ್ರನೆ ತಿರುಗಿತು. ಗಾಡಿ ನಡುವೆ ಒಂದು ಕೈಲಿ ಹಗ್ಗ, ಇನ್ನೊಂದು ಕೈಲಿ ಗೂಟ ಹಿಡಿದು ಕೂತಿದ್ದ ದೇವೀರಿ ಕೂತ ಹಾಗೇ ಇದ್ದಳು. ಅಂಚಿನಲ್ಲಿದ್ದ ಮೊಗಣ್ಣಗೌಡ ನೆಟ್ಟಗೆ ಹಾರಿ ಕಾಲುವೆಗೆ ಬಿದ್ದ. ಅದು ಸಾಕವ್ವನ ನೀರಾವರಿ ಕಾಲುವೆಯೇ. ಗಾಡಿ ಈಗ ಚಪ್ಪರದ ಕಡೆ ಮುಖ ಮಾಡಿತ್ತು. ಸಾಕವ್ವ ಉಸಿರು ಬಿಟ್ಟಳು.

ಮಾಯಿಗ ನಿಲ್ಲಿಸಲಿಲ್ಲ. ಉಳಿದರ್ಧವನ್ನೂ ತಿರುಗಿಸಿದ. ಗಾಡಿ ಮತ್ತೆ ದೇವೀರಿ ಊರಿನ ದಾರಿಗೇ ಬಂದು ನಿಂತಿತು.

"ಚೆನ್ನಾಗಿ ತಿರುಗಿಸಿದಿರಿ," ಅಂದಳು ದೇವೀರಿ. ಮುಂದಕ್ಕೆ ಬಗ್ಗಿ ಎತ್ತಿನ ಬಾಲ ಮುಟ್ಟಿದಳು, ಹೊರಟೇಹೋದಳು.

ಮಾಯಿಗ ಏದುಸಿರು ಬಿಡುತ್ತಾ ಬಂದ. "ತಿರುಗಿಸಿದೆ ಕಣವ್ವ. ಅರ್ಧಕ್ಕೆ ಬಿಡಲಿಲ್ಲ, ಪೂರ್ತಿ ತಿರುಗಿಸಿದೆ."

ಸಾಕವ್ವ ಬುದ್ಧಿ ಹೇಳೋಕೆ ಬಾಯಿ ತೆರೆದಳು. ಹೇಳಿದರೆ ಅದನ್ನೂ ಕೇಳಿಬಿಡ್ತಾನೆ ಅಂತ ಹೆದರಿ, ಮುಚ್ಚಿಕೊಂಡಳು.