ಗೆರೆಯ ಆಚೆ ನಿಂತವನು

ಮಠದ ಪಾಠಶಾಲೆಯಲ್ಲಿ ಹೊಸದಾಗಿ ಕಲಿಸತೊಡಗಿದ್ದ ಮಹಾಂತಯ್ಯನೆಂಬ ಶಿಷ್ಯ ಗುರುಗಳ ಬಳಿ ಬಂದು ಕೇಳಿದ: "ಬುದ್ಧಿ, ನನ್ನ ವಿದ್ಯಾರ್ಥಿಗಳು ಏನು ಕೇಳಿದರೂ ನನ್ನ ಮುಖ ನೋಡುತ್ತಾರೆ, ಬಾಯಿ ಬಿಡುವುದಿಲ್ಲ. ಇಂಥ ದಡ್ಡರಿಗೆ ಕಲಿಸುವುದು ಹೇಗೆ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಾಸ್ಕೆಟ್‌ಬಾಲ್ ಆಟಗಾರನಿದ್ದ. ಆಟವೇ ಅವನ ಉದ್ಯೋಗ, ಆಟವೇ ಅನ್ನ. ಅಂಕಣದಲ್ಲಿ ಎಲ್ಲೇ ನಿಂತು ಕೈಯೆತ್ತಿ "ಇತ್ತ!" ಎಂದರೂ ಚೆಂಡು ಅವನಿಗೇ ಬರುತ್ತಿತ್ತು, ಅವನ ಕೈಗೆ ಬಂದ ಚೆಂಡು ಬುಟ್ಟಿಗೆ ಬೀಳುತ್ತಿತ್ತು. ಆ ಕೂಗು ಕೇಳಲೆಂದೇ ಜನ ಸೇರುತ್ತಿದ್ದರು. ಆದರೆ ವಯಸ್ಸು ಯಾರನ್ನು ಬಿಟ್ಟೀತು? ಮಂಡಿ ಕೈಕೊಟ್ಟಿತು. ಆಟ ಬಿಟ್ಟು ಹುಡುಗಿಯರ ತಂಡವೊಂದಕ್ಕೆ ಕೋಚ್ ಆದ.

ಕಲಿಸುವುದರಲ್ಲಿ ಅವನು ಮೈಗಳ್ಳನಲ್ಲ. 'ಇತ್ತ' ಎಂದವರಿಗೆ ತಿರುಗಿ ನೋಡದೆ ಚೆಂಡು ಕೊಡಬೇಕು, ನೋಡುತ್ತ ನಿಂತರೆ ಎದುರಿನವರು ಕಸಿದುಕೊಳ್ಳುತ್ತಾರೆ ಎಂಬುದು ಅವನ ಮೊದಲ ಪಾಠ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಅಭ್ಯಾಸದಲ್ಲಿ ತಾನೂ ನಡುವೆ ಇಳಿದು "ಇತ್ತ!" ಎನ್ನುವನು. ಹುಡುಗಿಯರು ಕೊಡುವರು. ಅವನು ನಿಂತಲ್ಲಿಂದಲೇ ಬುಟ್ಟಿಗೆ ಹಾಕುವನು, ಅವರು ಚಪ್ಪಾಳೆ ತಟ್ಟುವರು. ದಿನವೂ ಇದೇ ನಡೆಯಿತು. ಅವನಿಗೆ ಖುಷಿಯಾಗುತ್ತಿತ್ತು, ಸುಳ್ಳೇಕೆ ಹೇಳಬೇಕು.

ವರ್ಷದ ಕೊನೆಯ ಪಂದ್ಯ ಬಂತು. ಸೋತರೆ ತಂಡ ಕೆಳಗಿನ ದರ್ಜೆಗೆ ಇಳಿಯಬೇಕು. ಒಂದೇ ಅಂಕ ಹಿಂದಿದ್ದರು, ಆಟ ಮುಗಿಯುವುದರಲ್ಲಿತ್ತು. ಅಂಕಣದ ಅಂಚಿನ ಗೆರೆಯ ಪಕ್ಕದಲ್ಲೇ ಒಬ್ಬ ಹುಡುಗಿಯ ಕೈಯಲ್ಲಿ ಚೆಂಡು, ಅವಳ ಮುಂದೆ ಇಬ್ಬರು ಎದುರಾಳಿಗಳು. ಗೆರೆಯ ಆಚೆ ನಿಂತಿದ್ದ ಕೋಚ್ ಮೈಮರೆತ. ಕೈ ತಾನಾಗಿ ಮೇಲೆದ್ದಿತು. "ಇತ್ತ!" ಎಂದುಬಿಟ್ಟ. ಹುಡುಗಿ ತಿರುಗಿ ನೋಡಲಿಲ್ಲ, ಕಲಿತಂತೆಯೇ ಎಸೆದಳು. ಚೆಂಡು ನೇರವಾಗಿ ಅವನ ಅಂಗೈಗೆ ಬಂದು ಕೂತಿತು. ರೆಫರಿ ಸೀಟಿ ಊದಿದ. ಚೆಂಡು ಎದುರಾಳಿಗಳ ಪಾಲಾಯಿತು, ಪಂದ್ಯವೂ.

ಅವನಿಗೆ ಸಿಟ್ಟು ತಡೆಯಲಾಗಲಿಲ್ಲ. "ಕಣ್ಣಿಲ್ಲವೇನಮ್ಮ ನಿನಗೆ? ಗೆರೆಯಿಂದ ಹೊರಗಿರೋನಿಗೆ ಯಾರಾದರೂ ಚೆಂಡು ಕೊಡ್ತಾರಾ?"

ಹುಡುಗಿ ಅಳುತ್ತಲೇ ಹೇಳಿದಳು: "ನೀವು ಹೊರಗಿದ್ದೀರಿ ಅಂತ ನಮಗೆ ಒಂದು ದಿನವೂ ಅನ್ನಿಸಲೇ ಇಲ್ಲ, ಸರ್."

ಮಾತು ಚುಚ್ಚಿತು, ನಾಚಿಕೆಯೂ ಆಯಿತು. ಮತ್ತೆ ಅಭ್ಯಾಸ ಶುರುವಾದಾಗ ಅವನು ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಬೆಂಚಿನ ಮೇಲೆ ಕೂತ. ಹುಡುಗಿಯರು ಚೆಂಡು ಹಿಡಿದು ಅವನತ್ತ ನೋಡುವರು. ಅವನ ಕೈ ತುರಿಸುವುದು. ತುಟಿ ಕಚ್ಚಿ ಸುಮ್ಮನಿರುವನು. ಚೆಂಡು ಎಲ್ಲೆಲ್ಲೋ ಹೋಗಿ ಬೀಳುವುದು. ಬಹಳ ದಿನ ಹೀಗೇ ಹೋಯಿತು. ಒಂದು ಸಂಜೆ ಅದೇ ಹುಡುಗಿ ಬುಟ್ಟಿಯ ಕೆಳಗೆ ಓಡಿ, ಕೈಯೆತ್ತಿ "ಇತ್ತ!" ಎಂದಳು. ಚೆಂಡು ಅವಳಿಗೆ ಹೋಯಿತು. ಕೋಚ್ ಚಪ್ಪಾಳೆ ತಟ್ಟಲು ಹೋದ; ಕೈಗಳು ಜೋಮು ಹಿಡಿದಿದ್ದವು.

ಗುರುಗಳು ಕತೆ ನಿಲ್ಲಿಸಿದರು. ತಂಡ ಮತ್ತೆ ಮೇಲಿನ ದರ್ಜೆಗೆ ಬಂತೇ ಎಂದು ಮಹಾಂತಯ್ಯ ಕೇಳಿದ. ಗುರುಗಳು ಹೇಳಿದರು:

"ನಿನ್ನೆ ನಿನ್ನ ಪಾಠದ ಹೊತ್ತಿನಲ್ಲಿ ನಾನು ಪಡಸಾಲೆಯಲ್ಲೇ ಕೂತಿದ್ದೆ, ಮಹಾಂತಯ್ಯ, ಪ್ರಶ್ನೆಯೂ ಉತ್ತರವೂ ಒಂದೇ ದನಿಯಲ್ಲಿ ಕೇಳಿಸಿತು."