ಯೂದನ ಕುರ್ಚಿ ಯಾವುದು?

"ಮೊದಲ ಕಾಲು ನಮ್ಮ ಮನೆಯದು. ಅದು ತಾತನ ಕಾಲದಿಂದ ಬಂದ ಹಕ್ಕು" ಎಂದು ಪಟೇಲ್ ಇನ್ನಾಸಪ್ಪನವರು ಹೇಳಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ವರ್ಷಾ ವರ್ಷ ಹೇಳುತ್ತಿದ್ದರು.

ಕಾಲಿನ ವಿಷಯ ಇಷ್ಟೆ. ಈಸ್ಟರ್ ಹಬ್ಬಕ್ಕೆ ಮುಂಚಿನ ಗುರುವಾರ ಸಂಜೆ ನಮ್ಮ ಪಾಳ್ಯದ ಚರ್ಚಿನಲ್ಲಿ ಪಾದ್ರಿ ಸ್ವಾಮಿಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಯೇಸುಸ್ವಾಮಿ ಕೊನೆಯ ಊಟದ ದಿನ ಶಿಷ್ಯರ ಕಾಲು ತೊಳೆದರಲ್ಲ, ಅದರ ನೆನಪಿಗೆ. ದೊಡ್ಡವನಾದವನು ಬಗ್ಗಬೇಕು ಅನ್ನುವುದು ಅದರ ಅರ್ಥವಂತೆ. ನಮ್ಮೂರಲ್ಲಿ ಮಾತ್ರ, ಯಾರ ಕಾಲಿಗೆ ಮೊದಲು ನೀರು ಅನ್ನುವುದೇ ಅದರ ಅರ್ಥ.

ಮೊದಲ ಕುರ್ಚಿ ಪಟೇಲರದು. ಉಳಿದ ಕುರ್ಚಿಗಳಿಗೆ ಮಡಕೆಯಲ್ಲಿ ಚೀಟಿ ಹಾಕಿ ಎತ್ತುತ್ತಾರೆ. ಪಟೇಲರು ಮೊದಲು ಕಾಲು ತೊಳೆಸಿಕೊಂಡು, ಮೊದಲು ಎದ್ದು, ಪೂಜೆ ಮುಗಿಯುವ ಮುಂಚೆಯೇ ಮನೆಗೆ ಹೊರಟುಬಿಡುತ್ತಿದ್ದರು. ಅದೂ ಹಕ್ಕೇ.

ಈ ವರ್ಷದ ಕೊನೆಯ ಚೀಟಿ ಚೌರಿಯ ಹೆಸರಿಗೆ ಬಂತು. ಚೌರಿ ಊರಿಗೆಲ್ಲ ಸಮಾಧಿ ತೋಡುವ ಮುದುಕ. ವಯಸ್ಸಿಗೆ ಬಂದಾಗಿನಿಂದ ಅವನ ಹೆಸರು ಮಡಕೆಯಲ್ಲೇ ಇತ್ತು, ಒಮ್ಮೆಯೂ ಹೊರಗೆ ಬಂದಿರಲಿಲ್ಲ. ಈಗ ಎದೆನೋವು ಬೇರೆ. ಮುಂದಿನ ವರ್ಷ ತನ್ನ ಸಮಾಧಿ ಯಾರು ತೋಡುತ್ತಾರೋ ಅಂತ ಅವನೇ ನಗುತ್ತಿದ್ದ. ಚೀಟಿ ಬಂದ ದಿನದಿಂದ ಹಿಮ್ಮಡಿಯ ಬಿರುಕಿಗೆ ಹರಳೆಣ್ಣೆ ಹಚ್ಚಿಕೊಂಡು ಓಡಾಡುತ್ತಿದ್ದ.

ಪಟೇಲರು ಚರ್ಚಿನ ಉಪದೇಶಿ ಅರುಳಪ್ಪನ ಹತ್ತಿರ ಬಂದರು. ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುವವನು ಇವನೇ. ಸ್ವಾಮಿಗಳು ಊರಿಗೆ ಹೊಸಬರು, ಹೀಗಾಗಿ ಕುರ್ಚಿ ಹಾಕಿಸುವುದೂ ಇವನೇ.

"ಮೈಸೂರಿಂದ ಅಳಿಯ ಬರ್ತಾ ಇದಾನೆ, ಉಪದೇಶಿಗಳೇ. ಕುರ್ಚಿ ಕೊಡಿಸ್ತೀನಿ ಅಂತ ಮಾತು ಕೊಟ್ಟಿದೀನಿ. ಚೌರಿದು ಅವನಿಗೆ ಹಾಕಿ."

"ಹಾಕೋಣ. ಅದು ಕೊನೆ ಕುರ್ಚಿ, ಪರವಾಗಿಲ್ವಾ?"

"ಕೊನೆಯದಾದ್ರೆ ಏನೀಗ?"

"ಏನಿಲ್ಲ. ಹನ್ನೆರಡು ಕುರ್ಚಿ ಅಂದ್ರೆ ಹನ್ನೆರಡು ಜನ ಶಿಷ್ಯರು. ಮೊದಲನೇದು ಹಿರಿಯ ಶಿಷ್ಯ ಪೇತ್ರಂದು ಅಂತ ನೀವೇ ಹೇಳ್ತೀರಿ. ಅವರಲ್ಲಿ ಯೇಸುಸ್ವಾಮಿನ ಹಿಡಿದುಕೊಟ್ಟ ಯೂದನೂ ಒಬ್ಬ. ಅವನದು ಯಾವ ಕುರ್ಚಿ ಅಂತ ಜನ ಕೇಳಿದ್ರೆ, ಕೊನೆಯದು ಅಂತ ಅವರೇ ಅಂದ್ಕೋತಾರೆ. ನಾನು ಬಾಯಿ ಬಿಡಲ್ಲ."

ಪಟೇಲರು ತಕ್ಷಣ ಮಾತು ಬದಲಿಸಿದರು.

"ನಡುವಿನದು ಯಾವುದಾದ್ರೂ ಕೊಡಿ."

"ಕೇಳಿ ನೋಡ್ತೀನಿ."

ಕೇಳಿದ. ನಡುವಿನವರಲ್ಲಿ ಒಬ್ಬರೂ ಆ ಕೊನೆ ಕುರ್ಚಿಗೆ ಸರಿಯಲು ಒಪ್ಪಲಿಲ್ಲ. ಸುದ್ದಿ ಊರೆಲ್ಲ ಹರಡಿತ್ತು. ಬಾಯಿ ಬಿಡದ ಉಪದೇಶಿಯಿಂದ ಅದು ಹೇಗೆ ಹರಡಿತೋ ನಮಗೆ ಗೊತ್ತಿಲ್ಲ.

"ಹಾಗಾದ್ರೆ ಚೌರಿನೇ ಕೂತ್ಕೊಳ್ಳಲಿ. ಅವನಿಗೆ ಅದೇ ಸರಿ" ಅಂದರು ಪಟೇಲರು.

"ನಿಮ್ಮ ಮಾತಿನಂತೆ ಆಗಲಿ" ಅಂದ ಅರುಳಪ್ಪ.

ಆದರೂ ಅವನಿಗೆ ಮನಸ್ಸು ತಡೆಯಲಿಲ್ಲ. ಚೌರಿಯ ಗುಡಿಸಲಿಗೇ ಹೋಗಿ ವಿಷಯ ತಿಳಿಸಿದ. ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಚೌರಿ ತಲೆ ಎತ್ತಲಿಲ್ಲ.

"ಯಾರ ಕುರ್ಚಿ ಆದ್ರೆ ಏನು, ಉಪದೇಶಿ? ಯೇಸುಸ್ವಾಮಿ ಅವನ ಕಾಲನ್ನೂ ತೊಳೆದ್ರಲ್ಲ."

ಅರುಳಪ್ಪ ಮಕ್ಕಳಿಗೆ ಎಷ್ಟೋ ವರ್ಷದಿಂದ ಆ ಪಾಠ ಹೇಳುತ್ತಿದ್ದ. ಈ ಮಾತು ಅವನಿಗೆ ಹೊಳೆದಿರಲಿಲ್ಲ. ಎದ್ದು ಬಂದ.

ಗುರುವಾರ ಸಂಜೆ ಪಟೇಲರ ಕಾಲಿಗೆ ಮೊದಲು ನೀರು ಬಿತ್ತು. ಮನೆಯಲ್ಲೇ ಸೋಪು ಹಾಕಿ ಉಜ್ಜಿ ತಂದ ಕಾಲು, ಸ್ವಾಮಿಗಳಿಗೆ ಕೆಲಸವೇ ಇರಲಿಲ್ಲ. ಕೊನೆಯಲ್ಲಿ ಚೌರಿಯ ಸರದಿ. ಸ್ವಾಮಿಗಳು ಮಂಡಿಯೂರಿ ಆ ಒಡೆದ ಹಿಮ್ಮಡಿಯನ್ನು ಕೈಯಲ್ಲಿ ಹಿಡಿದಾಗ ಮುದುಕ ಕಣ್ಣು ಮುಚ್ಚಿದ. ತುಂಬ ಹೊತ್ತು ತೆರೆಯಲಿಲ್ಲ.

ಪಟೇಲರಿಗೆ ಅದನ್ನು ನೋಡಲಾಗಲಿಲ್ಲ. ಅಳಿಯ ಹಿಂದೆ ಗೋಡೆಗೆ ಒರಗಿ ನಿಂತಿದ್ದಾನೆ, ಈ ಚೌರಿ ನೋಡಿದರೆ ಸ್ವರ್ಗದಲ್ಲಿ ಕೂತವನ ಹಾಗೆ ಕೂತಿದ್ದಾನೆ. ಹಿಂದೆ ಟವೆಲು ಹಿಡಿದು ನಿಂತಿದ್ದ ಅರುಳಪ್ಪನ ಕಡೆ ತಿರುಗಿ ಪಿಸುಗುಟ್ಟಿದರು.

"ಯೂದನ ಕುರ್ಚಿಯವನಿಗೆ ಬಲೇ ಖುಷಿ."

"ಯೂದನದು ಅದೇ ಅಂತ ನನಗೂ ಖಾತ್ರಿ ಇಲ್ಲ, ಪಟೇಲರೇ."

"ಏನ್ರೀ ಇದು? ಮತ್ತೆ ಯಾವುದು?"

"ಕುರ್ಚಿ ನೋಡಿ ಹೇಳೋಕಾಗಲ್ಲ. ಆವತ್ತು ಆ ಊಟದಲ್ಲಿ ಪಕ್ಕದಲ್ಲಿ ಕೂತಿದ್ದವರಿಗೇ ತಿಳೀಲಿಲ್ಲವಂತೆ."

"ಮತ್ತೆ ಹೇಗೆ ಗೊತ್ತಾಯ್ತು?" ಎನ್ನುತ್ತಾ ಪಟೇಲರು ಎಂದಿನಂತೆ ಹೊರಡಲು ಅರ್ಧ ಎದ್ದರು.

"ಎಲ್ಲಾ ಮುಗಿಯೋಕೆ ಮುಂಚೆ ಒಬ್ಬನೇ ಎದ್ದು ಹೋದ ನೋಡಿ, ಅದರಿಂದ."

ಪಟೇಲರು ಶಲ್ಯ ಸರಿಮಾಡಿಕೊಂಡರು. ಅದಕ್ಕೇ ಎದ್ದವರ ಹಾಗೆ ಮತ್ತೆ ಕೂತರು.

ಪೂಜೆ ಮುಗಿಯಿತು. ಜನ ಹೊರಟರು, ಅಳಿಯನೂ ಹೊರಟ. ಪಟೇಲರು ಮಾತ್ರ ಎಲ್ಲರೂ ಹೋಗಲಿ ಎಂದು ಕಾದರು. ಕೊನೆಗೆ ಜನ ಉಳಿದದ್ದು ಎರಡೇ ಕುರ್ಚಿಯಲ್ಲಿ. ಸಾಲಿನ ಆ ತುದಿಯಿಂದ ಪಟೇಲರು ಮೆಲ್ಲಗೆ ಕೇಳಿಕೊಂಡರು.

"ಚೌರಿ, ನೀನು ಮೊದಲು ಹೋಗಪ್ಪ."

"ನೀವು ನಡೀರಿ ಬುದ್ಧಿ" ಅಂದ ಚೌರಿ, ತನ್ನ ಕಾಲನ್ನೇ ನೋಡುತ್ತಾ. "ನನಗೆ ಇಲ್ಲೇ ಹಿತವಾಗಿದೆ."