ಚೆನ್ನಕ್ಕ ಹೊಗಳಿದ ಕೆರೆ

ಮಕ್ಕಳೇ, ಕಾಡಂಚಿನ ಹೊನ್ನೇಕೆರೆಯಲ್ಲಿ ಚೆನ್ನಕ್ಕ ಎಂಬ ನೀರುಕೋಳಿ ಇದ್ದಳು. ಚಳಿಗಾಲಕ್ಕೆ ದೂರದಿಂದ ಬರುವ ಹೆಬ್ಬಾತುಗಳನ್ನು ಕರೆದು, ಕೆರೆ ತೋರಿಸಿ, ಉಪಚರಿಸುವ ಪ್ರವಾಸಿ ಸತ್ಕಾರ ಸಂಘಕ್ಕೆ ಅವಳೇ ಅಧ್ಯಕ್ಷೆ. ತನ್ನ ಕೆರೆಯನ್ನು ಹೊಗಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ ಬಿಡಿ!

ಆದರೆ ಬರಬರುತ್ತಾ ಕೆರೆಯ ತುಂಬ ಜೊಂಡು ಬೆಳೆಯಿತು. ಹೋದ ವರ್ಷ ಬಾತುಗಳು ಮೇಲೆಯೇ ಸುತ್ತಿ, ಇಳಿಯಲು ಜಾಗವಿಲ್ಲದೆ ಹೊರಟುಹೋದವು. ಸದಸ್ಯರೂ ಒಬ್ಬೊಬ್ಬರಾಗಿ ಸಂಘ ಬಿಟ್ಟರು. ಉಳಿದವರು ಚೆನ್ನಕ್ಕ ಮತ್ತು ಮುದಿ ಆಮೆ ಬೋರಜ್ಜ, ಇಬ್ಬರೇ.

"ಈ ಸಲವೂ ಇಳಿಯದಿದ್ದರೆ ಅವು ನಮ್ಮ ದಾರಿಯನ್ನೇ ಮರೆತುಬಿಡುತ್ತವೆ, ತಾಯಿ. ಕಾಡಿನ ದೊರೆ ಆನೆರಾಯರನ್ನು ಕೇಳು. ಅವರ ಹಿಂಡು ಮನಸ್ಸು ಮಾಡಿದರೆ ಈ ಜೊಂಡು ಯಾವ ಲೆಕ್ಕ!" ಎಂದ ಬೋರಜ್ಜ.

ಚೆನ್ನಕ್ಕ ದರ್ಬಾರಿಗೆ ಹೋದಳು. "ಏನಮ್ಮ, ಹೇಗಿದೆ ನಿಮ್ಮ ಕೆರೆ?" ಎಂದರು ಆನೆರಾಯರು.

ಅಷ್ಟು ಕೇಳಿದ್ದೇ ತಡ! "ಅಯ್ಯೋ, ಏನು ಹೇಳಲಿ ಬುದ್ಧಿ! ಕನ್ನಡಿಯಂಥ ನೀರು! ಬಂದವರಿಗೆ ಬಿಟ್ಟು ಹೋಗಲು ಮನಸ್ಸೇ ಬರುವುದಿಲ್ಲ!"

"ಬಹಳ ಸಂತೋಷ. ಹಾಗಾದರೆ ನಿಮಗೇನೂ ಕೊರತೆಯಿಲ್ಲ," ಎಂದ ರಾಯರು ತಮ್ಮ ಹಿಂಡನ್ನು ಹೂಳು ತುಂಬಿದ ಬೇರೊಂದು ಕೆರೆಗೆ ಕಳಿಸಿಬಿಟ್ಟರು.

ಚೆನ್ನಕ್ಕ ಅಳುತ್ತಾ ಮನೆಗೆ ಬಂದಳು. "ಬಾಯಿ ತೆರೆದರೆ ಹೊಗಳಿಕೆಯೇ ಬರುತ್ತದಲ್ಲ ಅಜ್ಜ, ಏನು ಮಾಡಲಿ?"

ಬೋರಜ್ಜ ಬೈಯಲಿಲ್ಲ. "ಕೆರೆಯ ಮೇಲೆ ನಿನಗೆ ಅಷ್ಟು ಪ್ರೀತಿ. ಅದು ತಪ್ಪಲ್ಲ ಮಗಳೇ. ಆದರೆ ಅದರ ನೋವನ್ನೂ ನೀನೇ ಹೇಳಬೇಕಲ್ಲವೇ?"

ಚೆನ್ನಕ್ಕ ಕಣ್ಣೊರೆಸಿಕೊಂಡು ಮತ್ತೆ ಓಡಿದಳು. "ಬುದ್ಧಿ, ನಾನು ಹೇಳಿದ್ದು ಹತ್ತು ವರ್ಷದ ಹಿಂದಿನ ಕೆರೆ. ಈಗ ಬರೀ ಜೊಂಡು. ಸಂಘದಲ್ಲಿ ನಾನೊಬ್ಬಳು, ಅಜ್ಜ ಒಬ್ಬ."

ರಾಯರಿಗೆ ಅಯ್ಯೋ ಪಾಪ ಅನ್ನಿಸಿತು. "ಮೊದಲೇ ಹೇಳಬಾರದಿತ್ತೇನಮ್ಮ? ಹಿಂಡು ಮರಳಲು ಇನ್ನು ಎಂಟು ದಿನ ಬೇಕು. ಇರಲಿ, ನಡಿ, ನಾನೇ ಬರುತ್ತೇನೆ."

ವಯಸ್ಸಾದ ರಾಯರು ಮೂರು ದಿನ ಒಬ್ಬರೇ ಜೊಂಡು ಕಿತ್ತರು. ಕಾಲು ಭಾಗ ಮುಗಿದಿತ್ತಷ್ಟೇ, ನಾಲ್ಕನೆಯ ಬೆಳಿಗ್ಗೆ ಬಾತುಗಳು ಬಂದೇಬಿಟ್ಟವು! ಮೇಲೆ ಒಂದು ಸುತ್ತು ಹಾಕಿದವು, ಎರಡು ಸುತ್ತು ಹಾಕಿದವು.

"ಚೆನ್ನಕ್ಕಾ, ಕೆರೆ ಹೇಗಿದೆ?" ಎಂದು ಎಲ್ಲರಿಗಿಂತ ಮುಂದೆ ಹಾರುತ್ತಿದ್ದ ಬಾತು ಕೂಗಿತು.

ಚೆನ್ನಕ್ಕ ಬಾಯಿ ತೆರೆದಳು. ಬೋರಜ್ಜನ ಮುಖ ನೋಡಿದಳು.

"ಮುಕ್ಕಾಲು ಪಾಲು ಜೊಂಡೇ ಇದೆ ಕಣ್ರೋ! ಬಂಡೆಯ ಪಕ್ಕ ಒಂದಿಷ್ಟು ನೀರಿದೆ. ಒತ್ತೊತ್ತಾಗಿ ಕೂರಬೇಕು. ಆದರೂ ಬನ್ನಿ, ನಿಮಗಾಗಿ ಕಾಯುತ್ತಿದ್ದೇವೆ!"

ಬಂಡೆಯ ಪಕ್ಕದ ನೀರಿಗೆ ಬಾತುಗಳು ಒಂದೊಂದಾಗಿ ಇಳಿದವು.

ನೀತಿ: ಸಹಾಯ ಕೇಳಲು ಹೋದಾಗ ಹೆಮ್ಮೆಯನ್ನು ಬದಿಗಿಟ್ಟು, ಕಷ್ಟವನ್ನು ಇದ್ದ ಹಾಗೆಯೇ ಹೇಳಬೇಕು.